ಚಿತ್ತಮ್ಮನ ಮಾತು, ಇದ್ದ ಹಾಗೆ

೧೭ ಆಗಸ್ಟ್ ೨೦೦೯, ಸೋಮವಾರ. ಚಳ್ಳಕೆರೆ

ಈ ದಿನಚರಿಯನ್ನು ಕನ್ನಡದಲ್ಲಿ ಬರೆಯುವುದಕ್ಕೆ ಒಂದೇ ಕಾರಣ. ಮನೆಯಲ್ಲಿ ಇದನ್ನು ಯಾರೂ ಓದಲಾರರು. ಅಬ್ಬಾ ಉರ್ದು ಪೇಪರ್ ಓದುತ್ತಾರೆ, ಅಮ್ಮಿ ಕುರಾನ್ ಬಿಟ್ಟು ಬೇರೇನೂ ಓದುವುದಿಲ್ಲ. ಸರ್ಕಾರಿ ಕನ್ನಡ ಶಾಲೆಗೆ ಹಾಕಿದ್ದಕ್ಕೆ ನನಗೆ ಮನಸಾರೆ ಬೈಯಲು ಒಂದು ಭಾಷೆ ಸಿಕ್ಕಿತು.

ಕೆಲಸ ಸಿಕ್ಕಿದೆ. ಚಿತ್ರದುರ್ಗದಲ್ಲಿ ಮೂರು ದಿನ ತರಬೇತಿ ಮುಗಿಸಿ ಇವತ್ತು ಬಂದೆ. ಬೆಂಗಳೂರಿನ ಒಂದು ಸರ್ವೆ ಕಂಪನಿ. ಮೇಲ್ವಿಚಾರಕ ವಿನೋದ್ ಎಂಬಾತ, ನನಗಿಂತ ಎರಡು ವರ್ಷ ಚಿಕ್ಕವನಿರಬೇಕು, ಮಾತು ಮಾತ್ರ ಪ್ರೊಫೆಸರನದು. ವಿಷಯ ಇಷ್ಟು: ಯುರೋಪಿನ ಇಪ್ಪತ್ತೇಳು ದೇಶಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿವೆ. ಡಿಸೆಂಬರಿನಲ್ಲಿ ಕೋಪನ್‌ಹೇಗನ್ ಎಂಬ ಊರಲ್ಲಿ ಜಗತ್ತಿನ ಸರ್ಕಾರಗಳೆಲ್ಲ ಕೂತು ಯಾರು ಎಷ್ಟು ಹೊಗೆ ಕಡಿಮೆ ಮಾಡಬೇಕು ಎಂದು ತೀರ್ಮಾನಿಸುತ್ತವೆ. ಅಲ್ಲಿಗೆ ಹೋಗುವ ಮೊದಲು ಈ ಒಕ್ಕೂಟಕ್ಕೆ ತಾನು ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತಿದ್ದೇನೆ ಎಂದು ತಿಳಿಯಬೇಕಂತೆ. ನಮ್ಮ ದೇಶದ ಒಣಸೀಮೆಯ ಜನಸಾಮಾನ್ಯರು ಎಂದು ಅವರು ಆರಿಸಿದ್ದು ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳನ್ನು. ಇನ್ನೂರು ಫಾರಂ, ಎಲ್ಲವೂ ನನ್ನವೇ. ಕೆಲಸ ಚೆನ್ನಾಗಿ ಮಾಡಿದರೆ ಜನವರಿಯಿಂದ ಬೆಂಗಳೂರಿನ ಆಫೀಸಿನಲ್ಲಿ ಕಾಯಂ ಮಾಡುತ್ತಾರಂತೆ.

ಊಟಕ್ಕೆ ಕೂತಾಗ ಅಬ್ಬಾಗೆ ಹೇಳಿದೆ. ಲಾರಿ ಇಂಜಿನ್ ರಿಪೇರಿ ಮಾಡುವ ಈ ನಮ್ಮಬ್ಬಾ ಮಸ್ತಾನ್ ಸಾಬ್‌ಗೆ ಎಲ್ಲದರಲ್ಲೂ ಒಂದು ಕೊಂಕು ಕಾಣಲೇಬೇಕು. "ತಾವು ಹೆಂಗೆ ಕಾಣ್ತೀವಿ ಅಂತ ಕೇಳೋಕೆ ಅಷ್ಟು ದೂರದಿಂದ ಬಂದ್ರಾ? ಅವರ ಮನೇಲಿ ಕನ್ನಡಿ ಇಲ್ವಾ ಬೇಟಿ?"

ಎಂ.ಎ. ಮುಗಿಸಿ ಮೂರು ವರ್ಷ ಮನೆಯಲ್ಲಿ ಕೂತ ಮಗಳಿಗೆ ಕೆಲಸ ಸಿಕ್ಕಿದರೆ ಅಪ್ಪನಾದವನು ಆಡುವ ಮಾತೇ ಇದು? ತಟ್ಟೆ ಬಿಟ್ಟು ಎದ್ದು ಬಂದೆ.

೨೬ ಆಗಸ್ಟ್. ದೇವಸಮುದ್ರದಿಂದ ಬಂದ ಮೇಲೆ

ಈ ಜನರನ್ನು ಕಟ್ಟಿಕೊಂಡು ಏನು ಮಾಡುವುದೋ ಗೊತ್ತಾಗುತ್ತಿಲ್ಲ.

ರಂಜಾನಿನ ರೋಜಾ ಇಟ್ಟುಕೊಂಡು, ಒಂದು ಗುಟುಕು ನೀರಿಲ್ಲದೆ, ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಮನೆಮನೆ ತಿರುಗಿದೆ. ಹದಿನಾಲ್ಕನೆಯ ಪ್ರಶ್ನೆ ಬಹಳ ಮುಖ್ಯ ಎಂದು ವಿನೋದ್ ಮೂರು ಸಲ ಹೇಳಿದ್ದ: ಹವಾಮಾನ ಬದಲಾವಣೆಯ ವಿಷಯದಲ್ಲಿ ಯುರೋಪಿಯನ್ ಒಕ್ಕೂಟ ಜಗತ್ತಿಗೆ ದಾರಿ ತೋರುತ್ತಿದೆ ಎಂಬುದನ್ನು ಒಪ್ಪುತ್ತೀರಾ? ಉತ್ತರಕ್ಕೆ ಒಂದರಿಂದ ಐದರವರೆಗೆ ಅಂಕಿ. ಗೊತ್ತಿಲ್ಲ ಎಂದರೆ ತೊಂಬತ್ತೊಂಬತ್ತು.

ಬೇಲಿ ನೆರಳಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಯರ್ರಪ್ಪ ಎಂಬ ಮುದುಕನನ್ನು ಕೇಳಿದೆ.

"ಅವ್ರು ಒಳ್ಳೇರೇ ಬಿಡಮ್ಮ, ಬರ್ಕೋ."

"ಅವರು ಯಾರು ಅಂತ ಗೊತ್ತಾ ತಾತ?"

"ನಂಗೇನು ಗೊತ್ತು."

"ಮತ್ತೆ ಒಳ್ಳೇರು ಅಂದ್ರಲ್ಲ?"

"ಈ ಬಿಸಿಲಾಗೆ ಅವರ ಸಲುವಾಗಿ ಬಂದಿದೀಯ. ನಿನ್ನ ಮುಂದೆ ಕೆಟ್ಟೋರು ಅಂತ ಹೆಂಗನ್ನಾನ? ನಿನಗೆ ಬೇಜಾರಾಗಲ್ವಾ?"

ನಾಲ್ಕು ಹಾಕಿಕೊಂಡೆ. ನಾಲ್ಕು ಎಂದರೆ 'ಒಪ್ಪುತ್ತೇನೆ'. ಫಾರಂ ಕೊನೆಯಲ್ಲಿ 'ಉತ್ತರಿಸಿದವರ ಮಾತನ್ನು ಇದ್ದ ಹಾಗೆಯೇ ದಾಖಲಿಸಿದ್ದೇನೆ' ಎಂದು ಅಚ್ಚಾಗಿದೆ, ಅದರ ಕೆಳಗೆ ನನ್ನ ಸಹಿ. ಅಭಿಪ್ರಾಯ ಕೇಳಿದರೆ ಮರ್ಯಾದೆ ಕೊಡುವ ಜನ. ಗಂಟಲು ಒಣಗಿ ಹೋಗಿತ್ತು, ಇಲ್ಲದಿದ್ದರೆ ಅಲ್ಲೇ ಒಂದು ಮಾತು ಅಂದುಬಿಡುತ್ತಿದ್ದೆ.

೩ ಸೆಪ್ಟೆಂಬರ್

ಕೊಂಡ್ಲಹಳ್ಳಿ. ಹನ್ನೊಂದು ಫಾರಂ. ಹನ್ನೊಂದೂ ನಾಲ್ಕು. ಒಬ್ಬಾಕೆ ಒಕ್ಕೂಟ ಎಂದರೆ ಹಾಲಿನ ಡೈರಿಯವರು ಎಂದುಕೊಂಡಿದ್ದಳು. ಆಕೆಯದೂ ನಾಲ್ಕು.

೧೧ ಸೆಪ್ಟೆಂಬರ್, ಶುಕ್ರವಾರ

ಮೊಳಕಾಲ್ಮೂರಿನಲ್ಲಿ ಪಾಪಣ್ಣ, ಚಿತ್ತಮ್ಮ ಎಂಬ ನೇಕಾರ ದಂಪತಿಗಳ ಮನೆ. ಮನೆಯೊಳಗೆ ತೆಲುಗು, ನನ್ನ ಜೊತೆ ಕನ್ನಡ. ನಡುಮನೆಯಲ್ಲೇ ನೆಲ ಅಗೆದು ಕೂರಿಸಿದ ಮಗ್ಗ. ನೇಯುವವರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ರೇಷ್ಮೆ ಸೀರೆಗೆ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಆದ್ದರಿಂದ ಒಬ್ಬರಿಂದ ಆಗುವುದಿಲ್ಲ. ಇತ್ತ ಕೂತ ಪಾಪಣ್ಣ ಅಡ್ಡನೂಲಿನ ಲಾಳಿ ಎಸೆಯುತ್ತಾನೆ, ಅತ್ತ ಕೂತ ಚಿತ್ತಮ್ಮ ಅಂಚಿನ ಲಾಳಿ ತಿರುಗಿಸಿ ಎಸೆಯುತ್ತಾಳೆ. ಮಾತಾಡುವಾಗಲೂ ಇಬ್ಬರ ಕೈ ನಿಲ್ಲಲಿಲ್ಲ.

ಹವಾಮಾನ ಎಂದ ಕೂಡಲೇ ಪಾಪಣ್ಣ ಶುರು ಮಾಡಿದ. ಮೊದಲು ಶಿವರಾತ್ರಿ ಕಳೆದ ಮೇಲೆ ಬಿಸಿಗೆ ರೇಷ್ಮೆ ಎಳೆ ಕಡಿಯುತ್ತಿತ್ತಂತೆ, ಈಗ ಸಂಕ್ರಾಂತಿಗೇ ಶುರುವಂತೆ. "ಈ ಸಲ ನೋಡಮ್ಮ, ಶ್ರಾವಣದಾಗೂ ನೆಲಕ್ಕೆ ನೀರು ಚಿಮುಕಿಸಿ ನೇಯ್ದಿವಿ. ಕಡಿದ ಎಳೆ ಗಂಟು ಹಾಕದ್ರಾಗೇ ದಿನ ಹೋಗ್ತೈತೆ."

ಹದಿನಾಲ್ಕನೆಯ ಪ್ರಶ್ನೆಗೆ ಬಂದೆ. ನಾಲ್ಕು ಬರೆಯಲು ಪೆನ್ನು ಆಗಲೇ ಫಾರಂ ಮೇಲಿತ್ತು. ಚಿತ್ತಮ್ಮ ಲಾಳಿ ಕೈಯಲ್ಲಿ ಹಿಡಿದು, "ದಾರಿ ತೋರಿಸ್ತಾವ್ರೆ ಅಂದ್ರೆ? ಏನ್ ಮಾಡವ್ರೆ?" ಎಂದು ಕೇಳಿದಳು.

ನೂರಾರು ಮನೆ ತಿರುಗಿದ್ದೇನೆ, ತಿರುಗಿ ಪ್ರಶ್ನೆ ಹಾಕಿದವಳು ಇವಳೊಬ್ಬಳೇ. ತರಬೇತಿಯಲ್ಲಿ ಹೇಳಿದ್ದನ್ನು ಒಪ್ಪಿಸಿದೆ. ಕಾರ್ಖಾನೆಗಳನ್ನು ಮೊದಲು ಹಾಕಿದವರು ಅವರು, ಆ ಹೊಗೆ ಇನ್ನೂ ಮೇಲಿದೆ, ಅದರಿಂದ ಭೂಮಿಯ ಬಿಸಿ ಏರುತ್ತಿದೆ. ೨೦೨೦ರ ಹೊತ್ತಿಗೆ ಹೊಗೆಯನ್ನು ನೂರಕ್ಕೆ ಇಪ್ಪತ್ತು ಪಾಲು ಇಳಿಸುತ್ತೇವೆ, ಬೇರೆ ದೇಶಗಳೂ ತಕ್ಕಷ್ಟು ಇಳಿಸಲು ಒಪ್ಪಿದರೆ ಮೂವತ್ತು ಇಳಿಸುತ್ತೇವೆ ಎಂದಿದ್ದಾರೆ.

"ಒಪ್ಪದಿದ್ರೆ?"

"ಇಪ್ಪತ್ತೇ."

ಚಿತ್ತಮ್ಮ ಗಂಡನ ಕಡೆ ನೋಡಿ ನಕ್ಕಳು. ಒಳ್ಳೆಯ ನಗು ಅಲ್ಲ. "ನಾವಿಬ್ರೂ ನೀನು ಎಸೆದ್ರೆ ನಾನು ಎಸೀತೀನಿ ಅಂತ ಕೂತಿದ್ರೆ ಈ ಸೀರೆ ಯಾವಾಗ ಇಳೀಬೇಕಮ್ಮ? ಒಪ್ಪಲ್ಲ ಅಂತ ಬರ್ಕೋ."

ಒಂದು ಹಾಕಿ, ಅವಳ ಮಾತನ್ನು ಬದಿಯಲ್ಲಿ ಸಣ್ಣಕ್ಷರದಲ್ಲಿ ಬರೆದೆ. ಬಸ್ ಸ್ಟ್ಯಾಂಡಿನಿಂದ ವಿನೋದ್‌ಗೆ ಫೋನ್ ಮಾಡಿದರೆ, "ಬದೀಲಿ ಬರೆದದ್ದು ಕಂಪ್ಯೂಟರಿಗೆ ಹೋಗಲ್ಲ ಮೇಡಂ, ಅಂಕಿ ಸಾಕು" ಎಂದ. ಆಮೇಲೆ, "ನೆಲದೊಳಗೆ ಮಗ್ಗ ಇದೆಯಾ? ಫೋಟೋಗೆ ಚೆನ್ನಾಗಿರುತ್ತಲ್ವಾ?" ಎಂದ. ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನಿಂದ ಮಾರ್ಗಿಟ್ ಎಂಬಾಕೆ ರಂಜಾನ್ ಹಬ್ಬ ಮುಗಿದ ಮೇಲೆ ಬರುತ್ತಾಳಂತೆ. ಅಧ್ಯಯನದ ಮುಖ್ಯಸ್ಥೆ. ಅವಳಿಗೆ ತೋರಿಸಲು ಆ ಮನೆಯೇ ಆಗಲಿ ಎಂದ.

೨೪ ಸೆಪ್ಟೆಂಬರ್, ಗುರುವಾರ

ಮಾರ್ಗಿಟ್ ಬಂದು ಹೋದಳು. ತಲೆ ಸಿಡಿಯುತ್ತಿದೆ.

ಕೆಟ್ಟವಳಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ನೆಲದ ಮೇಲೆ ಕೂತಳು, ಕೊಟ್ಟ ಮಜ್ಜಿಗೆ ಪೂರ್ತಿ ಕುಡಿದಳು. ಚಿತ್ತಮ್ಮ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಟ್ಟಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ಮಾರ್ಗಿಟ್ ಇಂಗ್ಲಿಷಿನಲ್ಲಿ, ನೀವು ಯುರೋಪಿನಿಂದ ಏನು ನಿರೀಕ್ಷಿಸುತ್ತೀರಿ ಎಂದು ಕೇಳಿದಳು, ನಾನು ಕನ್ನಡದಲ್ಲಿ ಹೇಳಿದೆ. ಚಿತ್ತಮ್ಮ ಇದಕ್ಕಾಗಿಯೇ ಹದಿಮೂರು ದಿನದಿಂದ ಕಾದವಳಂತೆ ಶುರು ಮಾಡಿದಳು.

"ಇಪ್ಪತ್ತಂತೆ, ಉಳಿದೋರು ಒಪ್ಪಿದ್ರೆ ಮೂವತ್ತಂತೆ. ಇದೇನು ಸಂತೆ ಯಾಪಾರನಾ? ಈ ಕಡೆ ನಾನು, ಆ ಕಡೆ ನಮ್ಮ ಯಜಮಾನ್ರು ಕೂತು ನೇಯ್ತೀವಿ. ನೀನು ಎಸೆದ್ರೆ ನಾನು ಅಂತ ಕೂತ್ರೆ ಸೀರೆ ಆಗ್ತೈತಾ? ಮೊದ್ಲು ಹೊಗೆ ಬಿಟ್ಟೋರು ಅವರು. ಮೊದ್ಲು ಅವರೇ ಎಸೀಬೇಕು. ಅದು ಬಿಟ್ಟು, ನಾವು ಹೆಂಗೆ ಕಾಣ್ತೀವಿ ಅಂತ ಊರೂರು ತಿರುಗಿ ಕೇಳ್ತಾರಲ್ಲ, ನಾಚಿಕೆ ಆಗಲ್ವಾ? ಎಳೆ ಕಡಿಯೋದು ನಮ್ಮ ಮನೇಲಿ, ಹೊಗಳಿಸ್ಕೊಳ್ಳೋಕೆ ಬಂದಿರೋರು ಅವರು."

ಕೊನೆಗೆ ಪಾಪಣ್ಣನ ಕಡೆ ತಿರುಗಿ ತೆಲುಗಿನಲ್ಲಿ ಒಂದು ಮಾತು ಅಂದಳು. ಅದನ್ನು ಬರೆಯುವ ಅಗತ್ಯವಿಲ್ಲ.

ಮಾರ್ಗಿಟ್ ನನ್ನ ಮುಖ ನೋಡುತ್ತಾ ಕಾಯುತ್ತಿದ್ದಳು. ಮಜ್ಜಿಗೆಯ ಲೋಟ ಇನ್ನೂ ಕೈಯಲ್ಲೇ ಇತ್ತು. ನಾನು ಹೇಳಿದ್ದು ಇದು: ಎಲ್ಲರೂ ಕೂಡಿ ನೇಯಬೇಕು ಅನ್ನುತ್ತಿದ್ದಾರೆ. ಯುರೋಪು ಮೊದಲು ಲಾಳಿ ಎಸೆಯಲಿ ಎಂದು ಭರವಸೆಯಿಂದ ನೋಡುತ್ತಿದ್ದಾರೆ.

ಏನು ತಪ್ಪು? ಮೊದಲು ಎಸೆಯಬೇಕು ಎಂದಳಲ್ಲ, ಅದನ್ನೇ ಹೇಳಿದೆ. ಮನೆಗೆ ಬಂದವರಿಗೆ ಮುಖದ ಮೇಲೆ ನಾಚಿಕೆ ಆಗಲ್ವಾ ಎಂದು ಹೇಳಲಾಗುತ್ತದೆಯೇ? 'ಮೆಹಮಾನ್ ಕೆ ಸಾಮ್ನೆ ಕಡ್ವಾ ನಕ್ಕೊ ಬೋಲ್' ಎಂದು, ಅತಿಥಿಯ ಎದುರು ಕಹಿ ಆಡಬೇಡ ಎಂದು ಅಮ್ಮಿ ನನಗೆ ಮಾತು ಬಂದಾಗಿನಿಂದ ಹೇಳಿಕೊಟ್ಟಿದ್ದಾಳೆ. ಚಿತ್ತಮ್ಮನಿಗೆ ಅವರಮ್ಮ ಹೇಳಿಕೊಟ್ಟಿಲ್ಲವೇ?

ಮಾರ್ಗಿಟ್‌ಗೆ ಕಣ್ಣು ತುಂಬಿತು. ಚಿತ್ತಮ್ಮನ ಎರಡೂ ಕೈ ಹಿಡಿದುಕೊಂಡು ನಕ್ಕಳು. ವಿನೋದ್ ಫೋಟೋ ಹೊಡೆದ. ಚಿತ್ತಮ್ಮ ಕೈ ಬಿಡಿಸಿಕೊಳ್ಳಲಾಗದೆ ನನ್ನನ್ನು ಕೇಳಿದಳು:

"ಯಾಕಮ್ಮ, ನಾನು ಬೈದ್ರೆ ಈಯಮ್ಮ ನಗ್ತಾಳೆ?"

"ಅವರ ಕಡೆ ಹಂಗೇ ಅಕ್ಕ" ಎಂದೆ.

ಆ ಹೆಂಗಸಿಗೆ ಎಲ್ಲವನ್ನೂ ಕೇಳಲೇಬೇಕು. ಸುಮ್ಮನಿರಲು ಬರುವುದಿಲ್ಲ.

೨೭ ಸೆಪ್ಟೆಂಬರ್

ಮಾರ್ಗಿಟ್‌ಳ ಮೇಲ್. ನಾನು ಆಕೆ ಕಂಡ ದುಭಾಷಿಗಳಲ್ಲೆಲ್ಲ ಅತ್ಯುತ್ತಮಳಂತೆ. ಅಮ್ಮಿ ಓಣಿಗೆಲ್ಲ ಸಾರಿ ಬಂದಳು. ಹಾಗೆ ಸಾರಬೇಡ ಎಂದು ರೇಗಿದ್ದಕ್ಕೆ ನನಗೆ ದೃಷ್ಟಿ ಆಗಿದೆಯೆಂದು ಮೆಣಸಿನಕಾಯಿ ಸುಟ್ಟಳು.

೪ ಅಕ್ಟೋಬರ್, ಭಾನುವಾರ

ಮುಂಗಾರು ಪೂರ್ತಿ ಕೈಕೊಟ್ಟು, ಈಗ ನಾಲ್ಕು ದಿನದಲ್ಲಿ ಇಡೀ ವರ್ಷದ ಮಳೆ ಹೊಡೆದಿದೆ. ಉತ್ತರದ ಜಿಲ್ಲೆಗಳಲ್ಲಿ ಊರೂರೇ ನೀರಲ್ಲಿವೆ ಎಂದು ಟಿವಿಯಲ್ಲಿ ತೋರಿಸುತ್ತಿದ್ದಾರೆ.

ಹತ್ತು ಫಾರಂಗಳನ್ನು ಮತ್ತೆ ಪರಿಶೀಲಿಸಿ ಬಾ ಎಂದು ವಿನೋದ್ ಹೇಳಿದ್ದರಿಂದ ಮೊಳಕಾಲ್ಮೂರಿಗೆ ಹೋದೆ. ಪಾಪಣ್ಣನ ಮನೆಯ ಬಾಗಿಲು ತೆರೆದೇ ಇತ್ತು. ಮಗ್ಗದ ಗುಂಡಿ ಅಂಚಿನವರೆಗೆ ತುಂಬಿತ್ತು. ಗೋಡೆಯಡಿಯಿಂದ ಒಸರಿದ ನೀರು. ಮುಕ್ಕಾಲು ನೇಯ್ದಿದ್ದ ಸೀರೆಗೆ ಕೆಸರು ಹತ್ತಿ, ಕೆಂಪು ಅಂಚಿನ ಬಣ್ಣ ಬಿಳಿ ಮೈಗೆ ಇಳಿದಿತ್ತು. ಪಾಪಣ್ಣ ಮೂಲೆಯಲ್ಲಿ ಕೂತಿದ್ದ. ಚಿತ್ತಮ್ಮ ಗುಂಡಿಯೊಳಗೆ ಸೊಂಟದವರೆಗೆ ನಿಂತು ತಪ್ಪಲೆಯಲ್ಲಿ ನೀರು ಮೊಗೆದು ಹೊರಗೆ ಎತ್ತಿಡುತ್ತಿದ್ದಳು.

ನನ್ನನ್ನು ನೋಡಿ, "ಬಂದ್ಯಾ? ನಿಮ್ಮೋರು ಇವತ್ತು ಬರ್ಲಿಲ್ವಾ ಫೋಟೋಕ್ಕೆ?" ಎಂದಳು.

ಎಷ್ಟು ಸಿಟ್ಟು ಬಂತೆಂದರೆ ಚೀಲ ಬಾಗಿಲಲ್ಲೇ ಎಸೆದೆ. ಆಮೇಲೆ ಕತ್ತಲಾಗುವವರೆಗೆ ಅವಳು ಎತ್ತಿಟ್ಟ ತಪ್ಪಲೆಗಳನ್ನು ಬೀದಿಗೆ ಸುರಿದೆ. ಅವಳು ಬೇಡ ಅನ್ನಲಿಲ್ಲ, ಥ್ಯಾಂಕ್ಸೂ ಅನ್ನಲಿಲ್ಲ. ಪರಿಶೀಲನೆ ಆಗಲಿಲ್ಲ. ಕೈಯೆಲ್ಲ ಬೊಬ್ಬೆ, ಸಲ್ವಾರಿನ ಕೆಸರು ಹೋಗುತ್ತಿಲ್ಲ.

೧೨ ನವೆಂಬರ್

ಸೈಬರ್ ಸೆಂಟರಿನಲ್ಲಿ ಕೂತು ಓದಿದೆ. ಪಕ್ಕದಲ್ಲಿ ಜನ ಇದ್ದರು, ಇಲ್ಲದಿದ್ದರೆ ಕಿರುಚುತ್ತಿದ್ದೆ.

ವರದಿಯ ಕರಡು. ಮುಖಪುಟದಲ್ಲಿ ಚಿತ್ತಮ್ಮ. ಕೈ ಮಾರ್ಗಿಟ್‌ಳ ಕೈಯೊಳಗೆ, ಬಾಯಿ ಅರ್ಧ ತೆರೆದಿದೆ. ಯಾಕೆ ನಗ್ತಾಳೆ ಎಂದು ನನ್ನನ್ನು ಕೇಳುತ್ತಿದ್ದ ಕ್ಷಣ ಅದು. ಗೊತ್ತಿಲ್ಲದವರಿಗೆ ಆನಂದದಿಂದ ಮಾತಾಡುತ್ತಿರುವಂತೆ ಕಾಣುತ್ತದೆ. ಕೆಳಗೆ ಇಂಗ್ಲಿಷಿನಲ್ಲಿ: 'ನಾವು ಯುರೋಪನ್ನು ಭರವಸೆಯಿಂದ ನೋಡುತ್ತಿದ್ದೇವೆ. ಚಿತ್ತಮ್ಮ, ನೇಕಾರ್ತಿ, ಮೊಳಕಾಲ್ಮೂರು.'

ಒಳಗೆ ಇನ್ನೂ ಚೆನ್ನಾಗಿದೆ. ಒಣಸೀಮೆಯ ನೂರರಲ್ಲಿ ಎಂಬತ್ತೊಂದು ಜನ ಒಕ್ಕೂಟವೇ ದಾರಿ ತೋರುತ್ತಿದೆ ಎಂದು ಒಪ್ಪಿದ್ದಾರೆ. ಯರ್ರಪ್ಪ ತಾತ, ಹಾಲಿನ ಡೈರಿಯಮ್ಮ, ಎಲ್ಲರೂ ಆ ಎಂಬತ್ತೊಂದರಲ್ಲಿದ್ದಾರೆ. ಕೊನೆಯ ಪುಟದಲ್ಲಿ ಸಲಹೆ: ಹೊರಗಿನವರ ಕಣ್ಣಲ್ಲಿ ನಮ್ಮ ಹೆಸರು ಗಟ್ಟಿಯಾಗಿದೆ. ಆದ್ದರಿಂದ ಕೋಪನ್‌ಹೇಗನ್‌ನಲ್ಲಿ ಷರತ್ತಿಲ್ಲದೆ ಮೂವತ್ತಕ್ಕೆ ಏರಬೇಕಾದ ಒತ್ತಡ ನಮ್ಮ ಮೇಲಿಲ್ಲ. ಮಾಡಿರುವುದನ್ನು ಜಗತ್ತಿಗೆ ಇನ್ನಷ್ಟು ಚೆನ್ನಾಗಿ ತಿಳಿಸಿದರೆ ಸಾಕು.

ಮೊದಲು ನೀವು ಎಸೆಯಿರಿ ಎಂದು ಬೈದವಳ ಬಾಯಿಂದಲೇ, ನೀವು ಎಸೆಯದಿದ್ದರೂ ನಡೆಯುತ್ತದೆ ಎಂದು ಹೇಳಿಸಿದ್ದಾರೆ. ಹೇಳಿಸಿದ್ದು ಅವರೇ? ಆ ಸಾಲು ನನ್ನದು, ಪದ ಪದವೂ ನನ್ನದು.

೧೩ ನವೆಂಬರ್

ವಿನೋದ್‌ಗೆ ಫೋನ್ ಮಾಡಿದೆ. ಅವಳು ಅಂದದ್ದು ಹಾಗಲ್ಲ, ನಾನು ಮೆತ್ತಗೆ ಮಾಡಿ ಹೇಳಿದೆ, ಮಾರ್ಗಿಟ್‌ಗೆ ಬರೆಯುತ್ತೇನೆ ಎಂದೆ.

"ಮೇಡಂ, ಯೋಚನೆ ಮಾಡಿ. ಇನ್ನೂರು ಫಾರಂ ಮೇಲೂ ಇದ್ದ ಹಾಗೆಯೇ ಬರೆದಿದ್ದೀನಿ ಅಂತ ಸಹಿ ಹಾಕಿದ್ದೀರಿ. ಒಂದು ಸುಳ್ಳು ಅಂದ್ರೆ ಇನ್ನೂರೂ ಸುಳ್ಳಾಗುತ್ತೆ. ನಿಮ್ಮ ಎರಡೂ ತಾಲೂಕು ವರದಿಯಿಂದ ಹೊರಗೆ ಹೋಗುತ್ತೆ. ನಿಮ್ಮ ಜನ ಏನಂದ್ರು ಅಂತ ಯಾರಿಗೂ ಗೊತ್ತಾಗಲ್ಲ. ನಿಮ್ಮ ಜನವರಿ ಕೆಲಸಾನೂ ಇರಲ್ಲ."

ಅವನ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ. ಅದಕ್ಕೇ ಫೋನ್ ಕುಕ್ಕಿದೆ.

೧೫ ನವೆಂಬರ್

ಎರಡು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ. ಇವತ್ತು ಅಬ್ಬಾಗೆ ಊಟದ ಡಬ್ಬಿ ಒಯ್ದಾಗ ಶೆಡ್ಡಿನಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ಇಂಜಿನ್ ಮೇಲೆ ಸ್ಕ್ರೂಡ್ರೈವರ್ ತುದಿ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡಿದ್ದರು. ಯಾವ ಭಾಗ ಕೆಟ್ಟಿದೆ ಎಂದು ಅವರು ಕೇಳಿ ತಿಳಿಯುವುದು ಹಾಗೆ. ಲಾರಿ ಮಾಲೀಕ ಪಕ್ಕದಲ್ಲಿ ನಿಂತು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನನ್ನ ಮಾತು ಮುಗಿಯುವವರೆಗೂ ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಕೇಳಿಸಿಕೊಂಡರೋ ಇಲ್ಲವೋ ಎಂದು ನನಗೆ ಉರಿಯುತ್ತಿತ್ತು.

"ಬೇರಿಂಗ್ ಸದ್ದು ಮಾಡ್ತೈತೆ ಅಂತ ಗ್ರೀಸ್ ಹಚ್ಚಿದ್ರೆ ಸದ್ದು ನಿಲ್ಲುತ್ತೆ ಬೇಟಿ. ಬೇರಿಂಗ್ ಸರಿ ಆಗಲ್ಲ. ಗಾಡಿ ಘಾಟಿನಲ್ಲಿ ನಿಲ್ಲುತ್ತೆ."

"ಎದುರಿಗೆ ಕೂತವರಿಗೆ ಹೆಂಗಬ್ಬಾ ಹೇಳೋದು?"

"ಅವರು ಕೇಳೋಕೇ ತಾನೇ ಬಂದಿದ್ದು? ಮಜ್ಜಿಗೆ ಕೊಟ್ಟಾಯ್ತು, ಮರ್ಯಾದೆ ಅಲ್ಲಿಗೆ ಮುಗೀತು. ಕೇಳಿದ್ದಕ್ಕೆ ಜವಾಬು ಬೇರೆ."

ಇಷ್ಟು ವರ್ಷ ಈ ಮನುಷ್ಯನ ಕೊಂಕು ಮಾತು ಕೇಳಿ ಕೇಳಿ ಸಾಕಾಗಿತ್ತು. ಇವತ್ತು ಸರಿಯಾದದ್ದನ್ನು ಹೇಳಿದರು ಎಂದೂ ಸಿಟ್ಟು ಬಂತು.

೧೭ ನವೆಂಬರ್

ಚಿತ್ತಮ್ಮನಿಗೆ ಹೇಳಿದೆ. ಗುಂಡಿ ಒಣಗಿತ್ತು, ಮಗ್ಗಕ್ಕೆ ಹೊಸ ಹಾಸುನೂಲು ಏರಿತ್ತು. ಕರಡಿನ ಮುಖಪುಟ ತೋರಿಸಿ, ಕೆಳಗೆ ಏನು ಬರೆದಿದೆ, ನಾನು ಆ ದಿನ ಏನು ಹೇಳಿದೆ, ಎಲ್ಲ ಹೇಳಿದೆ. ಪಾಪಣ್ಣ ತಲೆ ತಗ್ಗಿಸಿ, "ಹೋಗ್ಲಿ ಬಿಡಮ್ಮ, ಏನೋ ಒಳ್ಳೇದಕ್ಕೇ ಹೇಳಿದೀಯ" ಎಂದ. ಅವನ ಆ ಮಾತು ಸಹಿಸಲಾಗಲಿಲ್ಲ.

ಚಿತ್ತಮ್ಮ ಲಾಳಿ ಕೆಳಗಿಟ್ಟು ಕೇಳಿದಳು. "ನನ್ನ ಮಾತಿಗೆ ಸಕ್ಕರೆ ಹಾಕು ಅಂತ ನಿನಗ್ಯಾರು ಹೇಳಿದ್ರು? ಇಂಗ್ಲಿಷು ನನಗೆ ಬರಲ್ಲ ಅಂತ ನನ್ನ ಬಾಯಿ ನಿನ್ನ ಕೈಯಾಗೆ ಕೊಟ್ಟೆ. ಮನೆ ಹೊಕ್ಕು ಕದ್ದಂಗಾಯ್ತಲ್ಲೇ."

ಇನ್ನೂರು ಫಾರಂ ರದ್ದಾಗುವ ವಿಷಯ ಹೇಳಿದೆ. ನಮ್ಮ ತಾಲೂಕೇ ವರದಿಯಲ್ಲಿ ಇರುವುದಿಲ್ಲ ಎಂದೆ.

"ಸುಳ್ಳಿನ ಮೇಲೆ ನನ್ನ ಮುಖ ಇರೋದಕ್ಕಿಂತ ನಾವು ಇಲ್ದೇ ಇರೋದೇ ವಾಸಿ. ಕಿತ್ತಾಕಿಸು."

ನನಗೆ ಅಳು ಬಂತು, ಅವಳು ನೋಡದವಳಂತೆ ಲಾಳಿ ಎತ್ತಿಕೊಂಡಳು. ಕೂತ್ಕೋ ಅನ್ನಲಿಲ್ಲ.

೧೮ ನವೆಂಬರ್

ಕಳಿಸಿದೆ. ಈ ದಿನಚರಿಯ ಸೆಪ್ಟೆಂಬರ್ ಇಪ್ಪತ್ತನಾಲ್ಕರ ಪುಟ ತೆರೆದಿಟ್ಟುಕೊಂಡು, ಚಿತ್ತಮ್ಮ ಅಂದದ್ದನ್ನು ಒಂದೂ ಬಿಡದೆ ಇಂಗ್ಲಿಷಿಗೆ ಇಳಿಸಿದೆ. ಸಂತೆ ಯಾಪಾರ, ನಾಚಿಕೆ, ಹೊಗಳಿಸಿಕೊಳ್ಳುವುದು, ಎಲ್ಲ. ಯರ್ರಪ್ಪ ತಾತ ಯಾಕೆ ಒಳ್ಳೇರು ಅಂದ ಎಂಬುದನ್ನೂ ಬರೆದೆ. ಎಂಬತ್ತೊಂದು ಜನ ನಿಮ್ಮನ್ನು ಒಪ್ಪಿಲ್ಲ, ಬಿಸಿಲಲ್ಲಿ ಬಂದ ನನ್ನ ಮೇಲೆ ಕನಿಕರಪಟ್ಟಿದ್ದಾರೆ ಎಂದು ಬರೆದೆ.

೩೦ ನವೆಂಬರ್

ಬಕ್ರೀದ್ ಮುಗಿದು ಎರಡು ದಿನಕ್ಕೆ ಉತ್ತರ. ಮಾರ್ಗಿಟ್ ಬಹಳ ಸಭ್ಯವಾಗಿ ಬರೆದಿದ್ದಾಳೆ. ನನ್ನ ಪ್ರಾಮಾಣಿಕತೆಗೆ ವಂದನೆಗಳಂತೆ. ನಿಯಮದ ಪ್ರಕಾರ ಎರಡೂ ತಾಲೂಕಿನ ಮಾಹಿತಿಯನ್ನು ಕೈಬಿಟ್ಟಿದ್ದಾರೆ, ಮುಖಪುಟದ ಸಾಲನ್ನೂ ತೆಗೆದಿದ್ದಾರೆ. ಹೊಸ ಮಾತನ್ನು ಮತ್ತೊಬ್ಬರು ಹೋಗಿ ಪರಿಶೀಲಿಸದೆ ಸೇರಿಸುವಂತಿಲ್ಲ, ಅದಕ್ಕೆ ಸಮಯವಿಲ್ಲ. ಸಲಹೆ ಮಾತ್ರ ಬದಲಾಗುವುದಿಲ್ಲ, ಬೇರೆ ಕಡೆಯ ಅಂಕಿಗಳೂ ಹೆಚ್ಚು ಕಡಿಮೆ ಹಾಗೇ ಇವೆ.

ಬೇರೆ ಕಡೆಯೂ ಜನ ಮಜ್ಜಿಗೆ ಕೊಟ್ಟಿರಬೇಕು.

ವಿನೋದ್ ಫೋನ್ ಎತ್ತುತ್ತಿಲ್ಲ.

೨೦ ಡಿಸೆಂಬರ್, ಭಾನುವಾರ

ಕೋಪನ್‌ಹೇಗನ್ ಮುಗಿಯಿತು. ಪೇಪರಿನಲ್ಲಿ ಬಂದಿದೆ: ಕೊನೆಯ ರಾತ್ರಿ ಅಮೆರಿಕ, ನಮ್ಮ ದೇಶ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕ ಒಂದು ಕೋಣೆಯಲ್ಲಿ ಕೂತು ಒಪ್ಪಂದ ಬರೆದವು. ದಾರಿ ತೋರಬೇಕಾಗಿದ್ದ ಒಕ್ಕೂಟ ಆ ಕೋಣೆಯಲ್ಲಿ ಇರಲೇ ಇಲ್ಲ. ಇಪ್ಪತ್ತು ಇಪ್ಪತ್ತಾಗಿಯೇ ಉಳಿದಿದೆ. ಅತ್ತ ಒಳಗೆ ಕೂತ ನಮ್ಮವರೂ ಏನೂ ಕಡಿದು ಕಟ್ಟೆ ಹಾಕಲಿಲ್ಲ. ಯಾರು ಎಷ್ಟು ಇಳಿಸಬೇಕೋ ಅವರವರೇ ಬರೆದುಕೊಡಲಿ ಎಂದು ಎದ್ದು ಬಂದರು. ಯಾರೂ ಲಾಳಿ ಎಸೆಯಲಿಲ್ಲ.

ಅಬ್ಬಾಗೆ ಓದಿ ಹೇಳಿದೆ. "ಎಲ್ಲರೂ ಹೊಗಳ್ತಾವ್ರೆ ಅಂದ್ಕೊಂಡು ಹೋದೋರಿಗೆ ಕುರ್ಚಿನೂ ಸಿಗಲಿಲ್ವಾ?" ಎಂದರು. ಇಬ್ಬರೂ ನಕ್ಕೆವು.

೧೪ ಜನವರಿ ೨೦೧೦, ಗುರುವಾರ

ನಿನ್ನೆ ಅಂಚೆಯಲ್ಲಿ ವರದಿ ಬಂದಿತ್ತು. ದಪ್ಪ ಹಾಳೆ, ಹೊಳೆಯುವ ಅಚ್ಚು. ನಮ್ಮ ತಾಲೂಕುಗಳ ಹೆಸರು ಎಲ್ಲೂ ಇಲ್ಲ. ಮುಖಪುಟದಲ್ಲಿ ಮಾತ್ರ ಚಿತ್ತಮ್ಮ ಹಾಗೇ ಇದ್ದಾಳೆ. ಕೆಳಗಿನ ಸಾಲು ಇಲ್ಲ, ಅಲ್ಲಿ ಬರೀ ಬಿಳಿ ಜಾಗ. ಮಾತು ಬೇಡವಾಯಿತು, ಮುಖ ಬೇಕಾಯಿತು. ಹರಿದು ಒಲೆಗೆ ಹಾಕೋಣ ಎನ್ನಿಸಿದರೂ ಅವಳ ಮುಖ ನೋಡಿ ಆಗಲಿಲ್ಲ. ಮೊದಲ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದೆ.

ಸಂಕ್ರಾಂತಿ. ಚಿತ್ತಮ್ಮ ಎಳ್ಳು ಬೆಲ್ಲ ಕೊಟ್ಟಳು. ಪುಸ್ತಕ ಕೈಗಿಟ್ಟೆ. ತನ್ನ ಮುಖವನ್ನು ಬೆರಳಲ್ಲಿ ಸವರಿ ನೋಡಿದಳು.

"ಕೆಳಗೆ ಏನಂತ ಬರದವ್ರೆ?"

"ಏನೂ ಇಲ್ಲ ಅಕ್ಕ. ತೆಗೆಸಿದೆ."

"ನಾನು ಅಂದಿದ್ದು?"

"ಅದನ್ನ ಹಾಕಲಿಲ್ಲ."

ಬಿಳಿ ಜಾಗದ ಮೇಲೆ ಬೆರಳಿಟ್ಟು, "ಹಂಗಾರೆ ನೀನು ಬರಿ" ಎಂದಳು. "ಇಲ್ಲೇ. ಕನ್ನಡದಾಗೆ. ನಮ್ಮ ಮನೇಲಿ ಇರೋದಾದ್ರೂ ಸರಿಯಾಗಿರ್ಲಿ."

ನೆಲದ ಮೇಲೆ ಕೂತು ಬರೆದೆ. ದಿನಚರಿ ನೋಡಬೇಕಾಗಿರಲಿಲ್ಲ, ಬಾಯಿಪಾಠವಾಗಿದೆ. ಸಂತೆ ಯಾಪಾರ. ಮೊದ್ಲು ಅವರೇ ಎಸೀಬೇಕು. ನಾಚಿಕೆ ಆಗಲ್ವಾ. ಎಳೆ ಕಡಿಯೋದು ನಮ್ಮ ಮನೇಲಿ. ಅವಳಿಗೆ ಓದಲು ಬರುವುದಿಲ್ಲ, ಪಾಪಣ್ಣ ಗಟ್ಟಿಯಾಗಿ ಓದಿದ. ಅವಳು ಪ್ರತಿ ಸಾಲಿಗೂ ತಲೆಯಾಡಿಸುತ್ತಾ, ನೇಯ್ದು ಇಳಿಸಿದ ಸೀರೆಯಲ್ಲಿ ತಪ್ಪು ಹುಡುಕುವಾಗಿನ ಗಮನದಲ್ಲಿ ಕೇಳಿದಳು.

ಪಾಪಣ್ಣ ಓದಿ ಮುಗಿಸಿದ.

"ಒಂದು ಬಿಟ್ಟೆ" ಎಂದಳು.

"ಎಲ್ಲ ಬರೆದಿದೀನಿ ಅಕ್ಕ."

"ಕೊನೇಲಿ ತೆಲುಗಿನಾಗೆ ಒಂದಂದೆ. ನಿನಗೆ ತೆಲುಗು ಬರ್ತೈತೆ. ಕೇಳಿಸ್ಕೊಂಡೆ, ನಿನ್ನ ಮುಖ ನೋಡ್ದೆ ನಾನು."

ಪಾಪಣ್ಣ ಎದ್ದು ಹಿತ್ತಿಲ ಕಡೆ ಹೋದ.

ಕೇಳಿಸಿತ್ತು. ಅವತ್ತೂ ಕೇಳಿಸಿತ್ತು. ಯಾರೂ ಓದದ ಈ ದಿನಚರಿಯಲ್ಲೂ ಅದನ್ನು ಬರೆದಿರಲಿಲ್ಲ. ಒಂದೂ ಬಿಡದೆ ಎಂದು ಜಂಬಪಟ್ಟುಕೊಂಡು ಕಳಿಸಿದ ಮೇಲ್‌ನಲ್ಲೂ ಅದು ಇರಲಿಲ್ಲ. ಈಗ ಆ ಬಿಳಿ ಜಾಗದಲ್ಲಿ ಉಳಿದಿದ್ದ ಅಂಗುಲದಲ್ಲಿ, ಅವಳು ಅಂದ ಹಾಗೆಯೇ, ಕನ್ನಡ ಅಕ್ಷರದಲ್ಲಿ ಬರೆದೆ: 'ಈ ಪಿಲ್ಲ ಕೂಡಾ ವಾಳ್ಳ ಮನಿಷೇ.' ಅದರ ಕೆಳಗೆ ಅರ್ಥ: ಈ ಹುಡುಗಿಯೂ ಅವರ ಕಡೆಯವಳೇ. ಅದರ ಕೆಳಗೆ ನನ್ನ ಸಹಿ.

ಗಟ್ಟಿಯಾಗಿ ನಾನೇ ಓದಿ ಹೇಳಿದೆ. ಅಳಿಸು ಅಂತಾಳೇನೋ ಎಂದು ಕಾದೆ. ಚಿತ್ತಮ್ಮ ಅಳಿಸು ಅನ್ನಲಿಲ್ಲ.